ಎರಡು ಟವರಿಗೊಂದು ಮೂಗು

ಎಲ್ಲದಕ್ಕೂ ಮೂಲ ಮೂರು ಕಪ್ ಐಸ್‌ಕ್ರೀಮು. ಅದನ್ನು ತಿಂದವನು ನಮ್ಮ ಮೂಗು ಮೇಸ್ತ್ರಿಯಲ್ಲ, ಕಾರ್ಖಾನೆಯ ಗೇಟು ಕಾಯುವ ಕಾವಲುಗಾರ. ಟೈಪಿಸ್ಟಮ್ಮನ ಮಗಳ ಹುಟ್ಟುಹಬ್ಬದಲ್ಲಿ ತನ್ನ ಪಾಲಿನದೊಂದು, ಸಕ್ಕರೆ ಕಾಯಿಲೆಯ ಸ್ಟೋರ್‌ಕೀಪರನ ಪಾಲಿನದೊಂದು, ಕರಗಿ ಹಾಳಾಗುತ್ತದಲ್ಲ ಎಂಬ ಕರುಣೆಗೆ ಇನ್ನೊಂದು, ಹೀಗೆ ಮೂರನ್ನೂ ಮುಗಿಸಿ ಅವನು ಸುಖವಾಗಿ ಮಲಗಿದ. ಬೆಳಿಗ್ಗೆ ಎದ್ದಾಗ ಗಂಟಲು ಕಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ದಿನದ ಎಮ್ಮೆ ಯಾರು ಎಂದು ಹೇಳುವುದಕ್ಕೇ ಈ ಕತೆ.

ಕಾರ್ಖಾನೆಯಲ್ಲಿ ನಡೆಯುವ ಕೆಲಸ ದೊಡ್ಡ ಒಲೆಯಲ್ಲಿ ಅದಿರು ಹುರಿಯುವುದು. ಅದಿರು ಹುರಿದರೆ ಗಂಧಕದ ಗ್ಯಾಸು ಏಳುತ್ತದೆ. ಮ್ಯಾನೇಜರು ಅದನ್ನು ಸಲ್ಫರ್ ಡೈಆಕ್ಸೈಡು ಅನ್ನುತ್ತಾರೆ, ಉಳಿದವರು ಕಣ್ಣುರಿ ಗ್ಯಾಸು ಅನ್ನುತ್ತಾರೆ. ಹಾಗೇ ಚಿಮಣಿಗೆ ಬಿಟ್ಟರೆ ಕಾಂಪೌಂಡಿನ ಆಚೆಯ ಸಾಲುಮನೆಗಳ ಜನ ಉಸಿರಾಡುವ ಹಾಗಿಲ್ಲ. ಆದ್ದರಿಂದ ನಡುವೆ ಎರಡು ಎತ್ತರದ ಟವರು ನಿಲ್ಲಿಸಿ, ಅವುಗಳ ಹೊಟ್ಟೆಗೆ ಕರಿ ಕಾಳು ತುಂಬಿದ್ದಾರೆ. ನೋಡಲು ಇದ್ದಿಲ ಚೂರು, ಹೆಸರು ಆಕ್ಟಿವೇಟೆಡ್ ಕಾರ್ಬನ್. ಒಂದೊಂದು ಕಾಳಿನಲ್ಲೂ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ತೂತು. ಗ್ಯಾಸು ಆ ತೂತು ಹೊಕ್ಕು, ಅಲ್ಲಿಯ ತೇವದ ಜೊತೆ ಸೇರಿ, ಆಮ್ಲವಾಗಿ ಕೂತುಬಿಡುತ್ತದೆ. ತೂತೆಲ್ಲ ಭರ್ತಿಯಾದ ಮೇಲೆ ಟವರು ತುಂಬಿದ ಬಸ್ಸಿನ ಹಾಗೆ. ಹೊಸಬರಿಗೆ ಜಾಗವಿಲ್ಲ, ಬಂದ ಗ್ಯಾಸು ನೇರ ಚಿಮಣಿಗೆ. ಅಷ್ಟರೊಳಗೆ ಗ್ಯಾಸನ್ನು ಇನ್ನೊಂದು ಟವರಿಗೆ ತಿರುಗಿಸಿ, ತುಂಬಿದ ಟವರಿಗೆ ನೀರು ಬಿಟ್ಟು, ಆಮ್ಲ ತೊಳೆದು, ಒಣಗಿಸಬೇಕು. ತುಂಬುವುದಕ್ಕೆ ಸುಮಾರು ಎರಡು ದಿನ, ತೊಳೆದು ಒಣಗಿಸುವುದಕ್ಕೆ ಒಂದು ದಿನ.

ತುಂಬಿತು ಎಂದು ಹೇಳುವವರು ಯಾರು? ಚಿಮಣಿಗೆ ಒಂದು ಮೀಟರು ಇದೆ. ಅದು ಹದಿನೈದು ವರ್ಷದಿಂದ ಹನ್ನೆರಡನ್ನೇ ತೋರಿಸುತ್ತಿದೆ. ಒಲೆ ಆರಿಸಿದ್ದ ರಜೆಯ ದಿನವೂ ಹನ್ನೆರಡು. ಹಾಗಾಗಿ ಕೆಲಸ ಮೇಸ್ತ್ರಿಯ ಮೂಗಿಗೆ ಬಂತು. ನಲವತ್ತೆರಡು ಕಬ್ಬಿಣದ ಮೆಟ್ಟಿಲು ಹತ್ತಿ, ಚಿಮಣಿಗೆ ಹೋಗುವ ಪೈಪಿನ ಸಣ್ಣ ನಲ್ಲಿ ತಿರುಗಿಸಿ, ಕಣ್ಣು ಮುಚ್ಚಿ ಅವನು ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಚೂರೇ ಚೂರು ಗ್ಯಾಸಿದ್ದರೂ ಅವನ ಮೂಗಿಗೆ ತಿಳಿಯುತ್ತಿತ್ತು. ಕೈ ಎತ್ತಿ "ತಿರುಗ್ಸಿ!" ಅಂದನೆಂದರೆ ಮ್ಯಾನೇಜರೂ ಎದುರು ಮಾತಾಡುತ್ತಿರಲಿಲ್ಲ. ಹದಿನೈದು ವರ್ಷ ಆ ಮೂಗು ಒಂದು ಸಲವೂ ತಪ್ಪಲಿಲ್ಲ. ಸಾಲುಮನೆಯ ಜನ ಅವನ ಹೆಸರನ್ನೇ ಮರೆತು ಮೂಗು ಮೇಸ್ತ್ರಿ ಅಂದರು, ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡ.

ಎಂಟು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದರು. ಜ್ವರ ಬಿಟ್ಟ ಮಾರನೇ ದಿನ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಯಿತು. ಮೇಸ್ತ್ರಿ ಹಜಾರದಲ್ಲಿ ಪೇಪರು ಓದುತ್ತ ಕೂತೇ ಇದ್ದ. ಒಲೆಗೆ ಬೆನ್ನು ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಿರುಗಿ ನೋಡಿದವಳೇ ಅವನ ಮೇಲೆ ಹರಿಹಾಯ್ದಳು.

"ಊರಿಗೆಲ್ಲ ಆಗೋ ಮೂಗು ಮನೆಗಾಗಲ್ವೇನ್ರೀ?"

ಮೇಸ್ತ್ರಿ ಎದ್ದು ಬಂದ. ಕರಿ ಪಾತ್ರೆಯನ್ನು ಮುಖದ ಹತ್ತಿರ ಹಿಡಿದು ಉಸಿರೆಳೆದ. ಏನೂ ಇಲ್ಲ. ಸೋಪು ಮೂಸಿದ, ಏನೂ ಇಲ್ಲ. ಸೀಮೆಎಣ್ಣೆ ಮೂಸಿದ, ನೀರು ಮೂಸಿದ ಹಾಗಿತ್ತು. ಆ ಹೊತ್ತು ಅವನಿಗಾದ ಭಯ ಸಾಮಾನ್ಯದ್ದಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಹೇಳದಿದ್ದರೆ ಒಂದು ದಿನ ಗ್ಯಾಸು ಸಾಲುಮನೆಗಳ ಮೇಲೆ ಇಳಿಯುತ್ತದೆ. ಇಂದು ಹೇಳೋಣ, ನಾಳೆ ಹೇಳೋಣ ಅನ್ನುತ್ತಿರುವಾಗಲೇ ಅವನಿಗೆ ಕಾವಲುಗಾರ ಸಿಕ್ಕಿದ.

ಕಾವಲುಗಾರನದು ಹುಟ್ಟಾ ಸೂಕ್ಷ್ಮ ಎದೆ. ಗೇಟಿನ ಪಕ್ಕದ ಕೋಣೆಯಲ್ಲೇ ಅವನ ವಾಸ, ಅದು ಚಿಮಣಿಯ ನೇರ ಕೆಳಗೆ. ಒಂದಿಷ್ಟು ಗ್ಯಾಸು ಹೊರಟರೂ ಅವನು ಖೊಕ್ ಖೊಕ್ ಎಂದು ಎರಡು ಸಲ ಒಣ ಕೆಮ್ಮು ಕೆಮ್ಮುತ್ತಿದ್ದ. ಮೇಸ್ತ್ರಿ ಇದನ್ನು ಗಮನಿಸಿದ. ಅಂದಿನಿಂದ ಆ ಕೆಮ್ಮು ಕೇಳಿದ ಕೂಡಲೇ ಏನೋ ಅನುಮಾನ ಬಂದವನಂತೆ ತಲೆ ಎತ್ತುತ್ತಿದ್ದ, ಮೆಟ್ಟಿಲು ಹತ್ತುತ್ತಿದ್ದ. ಮೂಗು ಸತ್ತ ಮೇಲೆ ಅಭಿನಯ ಬೆಳೆಯಿತು. ಮೊದಲು ಒಂದು ಉಸಿರಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎಡ ಹೊಳ್ಳೆ ಒಂದು ಸಲ, ಬಲ ಹೊಳ್ಳೆ ಒಂದು ಸಲ, ನಡುವೆ ಆಕಾಶ ನೋಡುವುದು ಒಂದು ಸಲ. ಎಂಟು ತಿಂಗಳು ಒಂದು ತಪ್ಪೂ ಆಗಲಿಲ್ಲ. ತನ್ನ ಕೆಮ್ಮಿನ ಮೇಲೆ ಒಂದು ಕಾರ್ಖಾನೆ ನಡೆಯುತ್ತಿದೆ ಎಂಬುದು ಕಾವಲುಗಾರನಿಗೇ ಗೊತ್ತಿರಲಿಲ್ಲ.

ಐಸ್‌ಕ್ರೀಮಿನ ಮಾರನೇ ದಿನವೇ ಮೇಸ್ತ್ರಿಗೆ ಪರೀಕ್ಷೆ ನಿಗದಿಯಾಗಿತ್ತು. ಹತ್ತು ಗಂಟೆಗೆ ಮಾಲೀಕರು ಬರುತ್ತಾರೆ, ಜೊತೆಗೆ ಮೀಟರ್ ಕಂಪನಿಯವನು ಹೊಸ ಮೀಟರು ತರುತ್ತಾನೆ. ಒಂದು ದಿನ ಮೀಟರಿಗೂ ಮೂಗಿಗೂ ಪಂದ್ಯ. ಮೀಟರು ಗೆದ್ದರೆ ಮೇಸ್ತ್ರಿ ಗೋಡೌನಿನ ಬೀಗದ ಕೈ ಹಿಡಿದುಕೊಂಡು ಕೂರಬೇಕು.

ಬೆಳಿಗ್ಗೆ ಎಂಟಕ್ಕೆ ಗೇಟಿನಿಂದ ಕೆಮ್ಮು ಕೇಳಿತು. ಮೊದಲನೇ ಟವರಿಗೆ ಗ್ಯಾಸು ಬಿಟ್ಟು ಒಂದೇ ದಿನವಾಗಿತ್ತು. ಮೇಸ್ತ್ರಿ ಒಂದು ಗಳಿಗೆ ಹಿಂಜರಿದ. ಆದರೆ ಮನುಷ್ಯ ಸುಳ್ಳು ಹೇಳಬಹುದು, ಕೆಮ್ಮು ಯಾಕೆ ಹೇಳುತ್ತದೆ ಎಂದುಕೊಂಡು ಹತ್ತಿದ, ಮೂಸಿದ, ಕೈ ಎತ್ತಿದ. ಗ್ಯಾಸು ಎರಡನೇ ಟವರಿಗೆ ತಿರುಗಿತು. ಮೊದಲನೆಯದಕ್ಕೆ ನೀರು ಬಿಟ್ಟರು.

"ಇಷ್ಟು ಬೇಗ ತುಂಬ್ತಾ ಮೇಸ್ತ್ರೀ?" ಮ್ಯಾನೇಜರು ಕೆಳಗಿನಿಂದ ಕೇಳಿದರು.

"ಅದಿರಲ್ಲಿ ಗಂಧಕ ಜಾಸ್ತಿ ಇರ್ಬೇಕು ಸರ್," ಎಂದ ಮೇಸ್ತ್ರಿ.

"ಮೂಗು ಅಂದ್ರೆ ಇದು!" ಎಂದು ಮ್ಯಾನೇಜರು ಒಳಗೆ ಹೋದರು.

ಒಂಬತ್ತೂಕಾಲಕ್ಕೆ ಇನ್ನೊಂದು ಕೆಮ್ಮು. ಈ ಸಲ ಎರಡಕ್ಕೆ ನಿಲ್ಲಲಿಲ್ಲ, ಆರೇಳು ಸಲ ಕೆಮ್ಮಿ, ಕೊನೆಗೆ ಒಂದು ಸೀನೂ ಬಂತು. ಮೇಸ್ತ್ರಿಯ ಕೈಯಲ್ಲಿದ್ದ ಟೀ ಅಲ್ಲೇ ನಿಂತಿತು. ಒಂದು ಗಂಟೆಯಲ್ಲಿ ಇಡೀ ಟವರು ತುಂಬುವುದು ಎಂದಾದರೂ ಉಂಟೆ? ಇಲ್ಲ. ಹಾಗಾದರೆ ಟವರಿನ ಒಳಗೇ ಏನೋ ಕೆಟ್ಟಿದೆ. ಕಾಳು ಕುಸಿದು ನಡುವೆ ದಾರಿಯಾಗಿ, ಗ್ಯಾಸು ಇದ್ದಿಲನ್ನು ಮುಟ್ಟದೆ ಹೋಗುತ್ತಿದೆ. ಅವನ ಕಣ್ಣ ಮುಂದೆ ಸಾಲುಮನೆಗಳ ತೆರೆದ ಕಿಟಕಿಗಳು ಬಂದವು. ನಲವತ್ತೆರಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಅಭಿನಯಕ್ಕೂ ಪುರುಸೊತ್ತಿಲ್ಲದೆ ಕೂಗಿದ.

"ಗ್ಯಾಸು! ಎರಡನೇದ್ರಲ್ಲೂ ಗ್ಯಾಸು!"

ಮ್ಯಾನೇಜರು ಓಡಿ ಬಂದರು. "ಮೊದಲನೇದು ಇನ್ನೂ ನೆನೆದ ಕಂಬಳಿ ಹಾಗಿದೆ ಮೇಸ್ತ್ರೀ! ಎಲ್ಲಿಗೆ ತಿರುಗ್ಸೋದು?"

"ಒಲೆ ಅರ್ಧ ತಗ್ಸಿ ಸರ್."

ಒಲೆ ತಗ್ಗಿಸುವುದೆಂದರೆ ದೊಡ್ಡ ಮಾತು. ಆದರೂ ಮೂಗಿನ ಮಾತು. ಅಷ್ಟರಲ್ಲಿ ಸ್ಟೋರ್‌ಕೀಪರ ಹೊರಗೆ ಬಂದು ಕಣ್ಣುಜ್ಜಿಕೊಂಡ. "ನಾನು ಆಗ್ಲಿಂದ ನೋಡ್ತಾನೇ ಇದೀನಿ ಸರ್, ಕಣ್ಣಲ್ಲಿ ನೀರು ಸುರೀತಿದೆ. ಮೇಸ್ತ್ರಿ ಹೇಳ್ಲಿ ಅಂತ ಸುಮ್ನಿದ್ದೆ."

"ನನಗಂತೂ ಗಂಟಲೆಲ್ಲ ಕೆರೀತಿದೆ," ಎಂದು ಟೈಪಿಸ್ಟಮ್ಮ ಕರ್ಚೀಫು ಮೂಗಿಗೆ ಹಿಡಿದಳು. "ಬೆಳಿಗ್ಗೆ ಬರುವಾಗ್ಲೇ ಅಂದ್ಕೊಂಡೆ."

ಅವರಿಬ್ಬರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಮೂಗು ಮೇಸ್ತ್ರಿ ಗ್ಯಾಸು ಅಂದ ಮೇಲೂ ತನಗೆ ವಾಸನೆ ಬರಲಿಲ್ಲ ಅನ್ನುವುದಕ್ಕೆ ಯಾರಿಗೆ ಧೈರ್ಯ ಬರುತ್ತದೆ? ಹತ್ತು ನಿಮಿಷದಲ್ಲಿ ಅಂಗಳದಲ್ಲಿದ್ದವರೆಲ್ಲ ಕಣ್ಣುಜ್ಜಿಕೊಳ್ಳುತ್ತಿದ್ದರು. ಕ್ಯಾಂಟೀನಿನ ಅಡುಗೆಯವನೊಬ್ಬ ಮಾತ್ರ, "ಈರುಳ್ಳಿ ಹೆಚ್ಚಿದ್ದಕ್ಕೆ ನಂಗೆ ಕಣ್ಣೀರು ಬರ್ತಿರೋದು," ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತಕ್ಕೆ ಸರಿಯಾಗಿ ಮಾಲೀಕರ ಕಾರು ಬಂತು. ಹಿಂದೆಯೇ ಟೈ ಕಟ್ಟಿದ ಮೀಟರ್ ಕಂಪನಿಯವನು ಇಳಿದ. ಹೊಸ ಮೀಟರನ್ನು ಮಗುವಿನ ಹಾಗೆ ಎತ್ತಿಕೊಂಡು ಮೇಲೆ ಹತ್ತಿ, ಪೈಪಿನ ನಲ್ಲಿಗೆ ಜೋಡಿಸಿದ. ಮೀಟರು ಒಂದೆರಡು ಸಲ ಕಣ್ಣು ಮಿಟುಕಿಸಿ, ಎರಡು ಎಂದು ತೋರಿಸಿತು.

"ಎರಡು ಅಂದ್ರೆ ಏನಿಲ್ಲ ಸರ್," ಎಂದ ಮೀಟರಿನವನು. "ನೂರು ದಾಟಿದ್ರೆ ಯೋಚನೆ ಮಾಡ್ಬೇಕು. ಗಾಳಿ ಚೊಕ್ಕವಾಗಿದೆ."

ಅದೇ ಗಳಿಗೆಗೆ ಗೇಟಿನ ಕಡೆಯಿಂದ ಮೂರನೇ ಕೆಮ್ಮು ಬಂತು. ಅದು ಕೆಮ್ಮೂ ಅಲ್ಲ, ಹಳೆ ಲಾರಿ ಬೆಳಗಿನ ಚಳಿಗೆ ಸ್ಟಾರ್ಟ್ ಆಗದೆ ಗೋಳಾಡುವ ಸದ್ದು. ಮೇಸ್ತ್ರಿ ನಲ್ಲಿಯ ಹತ್ತಿರದಿಂದಲೇ ಗೇಟಿನ ಕಡೆ ಬಗ್ಗಿ ನೋಡಿದ. ಕೆಳಗೆ ಒಬ್ಬ ಬಡಪಾಯಿ ಗ್ಯಾಸಿಗೆ ಸಾಯುತ್ತಿದ್ದಾನೆ, ಇಲ್ಲಿ ಇವನು ಎರಡು ಅನ್ನುತ್ತಿದ್ದಾನೆ.

"ನಿಮ್ಮ ಮೀಟರಿಗೆ ಕಣ್ಣಿಲ್ವೇನ್ರೀ? ಗ್ಯಾಸು ಹೋಗ್ತಾ ಇದೆ, ಸರ್! ಜಾಸ್ತಿ ಹೋಗ್ತಾ ಇದೆ!"

ಎಲ್ಲರೂ ಮಾಲೀಕರ ಮುಖ ನೋಡಿದರು. ಹದಿನೈದು ವರ್ಷ ಊರಿಗೆಲ್ಲ ಆ ಮೂಗಿನ ಬಗ್ಗೆ ಹೇಳಿಕೊಂಡು ತಿರುಗಿದವರು ಅವರೇ. ಮುಖ ಎತ್ತಿ, ಗಂಭೀರವಾಗಿ ಒಂದು ಉಸಿರು ಎಳೆದರು.

"ಹೌದು," ಎಂದರು ಮಾಲೀಕರು. "ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ. ಸ್ಪಷ್ಟವಾಗಿದೆ."

ಮೀಟರಿನವನು ಮೀಟರನ್ನು ಬೆರಳಿಂದ ತಟ್ಟಿದ. ಬ್ಯಾಟರಿ ಬದಲಿಸಿದ. ಅದು ಎರಡು ಇದ್ದದ್ದು ಒಂದಕ್ಕೆ ಇಳಿಯಿತು. ಅವನು ಕೆಳಗಿಳಿದು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರ ಕಣ್ಣೂ ಕೆಂಪು. ಪಾಪ, ಸ್ವಲ್ಪ ಹೊತ್ತಿಗೆ ಅವನೂ ಟೈ ತುದಿಯಿಂದ ಕಣ್ಣೊರೆಸಿಕೊಂಡ.

"ಒಲೆ ಆರಿಸಿ! ಸೈರನ್ ಊದಿ!" ಎಂದು ಮಾಲೀಕರು ಆಜ್ಞೆ ಮಾಡಿದರು.

ಆರಿಸಿದ ಒಲೆ ಮತ್ತೆ ಕಾಯಬೇಕಾದರೆ ಮೂರು ದಿನ. ಸೈರನ್ ಸದ್ದಿಗೆ ಸಾಲುಮನೆಯ ಜನ ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡು ಗೇಟಿಗೆ ಓಡಿ ಬಂದರು. ಮುಂದೆ ಇದ್ದವಳು ಮೇಸ್ತ್ರಿಯ ಪಕ್ಕದ ಮನೆಯ ಹೆಂಗಸು. ಅವಳನ್ನು ಸಾಲಿಗೆ ಸಾಲೇ ಚಿಕ್ಕಮ್ಮ ಅನ್ನುತ್ತದೆ, ಅವಳು ಕೈ ಹಾಕದ ಸಂಸಾರ ಆ ಸಾಲಿನಲ್ಲಿಲ್ಲ.

"ನಂಗೇನೂ ವಾಸನೆ ಬರ್ತಿಲ್ವಲ್ಲ!" ಎಂದಳು ಚಿಕ್ಕಮ್ಮ, ಬಟ್ಟೆ ಸರಿಸಿ.

"ನಿಮಗೇನು ಗೊತ್ತಾಗುತ್ತೆ, ಸುಮ್ನಿರಿ. ಮಾಲೀಕರೇ ಮೂಸಿ ಹೇಳಿದಾರೆ!" ಎಂದ ಸ್ಟೋರ್‌ಕೀಪರ. ಚಿಕ್ಕಮ್ಮ ಬಟ್ಟೆಯನ್ನು ಮತ್ತೆ ಮುಖಕ್ಕೆ ಒತ್ತಿಕೊಂಡಳು.

ಮೇಸ್ತ್ರಿ ಮೆಟ್ಟಿಲಿಳಿದು ಕಾವಲುಗಾರನ ಕೋಣೆಗೆ ಓಡಿದ. ಎಂಟು ತಿಂಗಳು ತನ್ನನ್ನು ಸಾಕಿದ ಎದೆ ಅದು, ಇವತ್ತು ತನ್ನಿಂದಲೇ ಒಡೆದುಹೋಯಿತೇನೋ ಎಂದು ಅವನಿಗೆ ಅಳು ಬಂದಿತ್ತು. ಒಳಗೆ ಕಾವಲುಗಾರ ಸ್ಟೂಲಿನ ಮೇಲೆ ಕೂತು, ಅಡುಗೆಯವನು ಕೊಟ್ಟ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದ.

"ತಮ್ಮಾ! ಉಸಿರು ಬರ್ತಿದೆಯಾ? ಗ್ಯಾಸು ತುಂಬಾ ಹೊಕ್ಕಿತಾ?"

"ಗ್ಯಾಸಾ?" ಕಾವಲುಗಾರ ನೀರು ಉಗಿದ. "ಎಲ್ಲಿ ಬಂತಣ್ಣ ಗ್ಯಾಸು? ಗ್ಯಾಸಿನ ಉರಿ ಎಂಥಾದ್ದು ಅಂತ ನಂಗೊತ್ತಿಲ್ವಾ? ಇದು ನಿನ್ನೆ ರಾತ್ರೀದು." ಸ್ವಲ್ಪ ನಾಚಿಕೊಂಡು ದನಿ ತಗ್ಗಿಸಿದ. "ಮೂರು ಕಪ್ ಐಸ್‌ಕ್ರೀಮ್ ತಿಂದ್ಬಿಟ್ಟೆ."

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಹೊರಗೆ ಸೈರನ್ ಇನ್ನೂ ಕೂಗುತ್ತಿತ್ತು. ಗೇಟಿನ ಸಂದಿಯಿಂದ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸರು ಕಾಣುತ್ತಿದ್ದರು, ಅವರ ನಡುವೆ ಅವನ ಹೆಂಡತಿಯೂ ಇದ್ದಳು. ಇಷ್ಟು ಜನರ ಉಸಿರನ್ನು ಎಂಟು ತಿಂಗಳಿಂದ ಒಬ್ಬನ ಗಂಟಲಿಗೆ ಕಟ್ಟಿ ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಇವತ್ತು ಇಲ್ಲದ ಗ್ಯಾಸಿಗೆ ಕೆಮ್ಮಿದ ಗಂಟಲು ನಾಳೆ ಇರುವ ಗ್ಯಾಸಿಗೆ ಸುಮ್ಮನಿದ್ದರೆ? ಕೆಲಸ ಹೋದರೆ ಹೋಗಲಿ, ಹೆಸರೂ ಹೋಗಲಿ ಎಂದುಕೊಂಡ. ನೇರ ಆಫೀಸಿಗೆ ನಡೆದ.

ಮಾಲೀಕರು, ಮ್ಯಾನೇಜರು, ಮೀಟರಿನವನು, ಸ್ಟೋರ್‌ಕೀಪರ, ಟೈಪಿಸ್ಟಮ್ಮ, ಎಲ್ಲರೂ ಅಲ್ಲೇ ಇದ್ದರು. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಸರ್, ಒಂದು ಮಾತು ಹೇಳ್ಬೇಕು. ನಂಗೆ ವಾಸನೆ ಬರಲ್ಲ. ಎಂಟು ತಿಂಗಳಾಯ್ತು. ಕಾವಲುಗಾರ ಕೆಮ್ಮಿದಾಗೆಲ್ಲ ಗ್ಯಾಸು ಅಂತಿದ್ದೆ, ಅಷ್ಟೆ. ಇವತ್ತು ಅವನು ಕೆಮ್ಮಿದ್ದು ಐಸ್‌ಕ್ರೀಮಿಗೆ. ಗ್ಯಾಸು ಬಂದೇ ಇಲ್ಲ. ಮೀಟರು ಸರಿಯಾಗೇ ಇದೆ ಸರ್, ಅದನ್ನೇ ಇಟ್ಕೊಳ್ಳಿ."

ಇಷ್ಟು ಹೇಳಿದ ಮೇಲೆ ಅವನ ಎದೆ ಎಂಟು ತಿಂಗಳಲ್ಲಿ ಮೊದಲ ಸಲ ಹಗುರಾಯಿತು. ಬೈಗುಳಕ್ಕೆ ಕಾದು ನಿಂತ. ಯಾರೂ ಬೈಯಲಿಲ್ಲ. ಸ್ಟೋರ್‌ಕೀಪರ ಟೈಪಿಸ್ಟಮ್ಮನನ್ನು ನೋಡಿದ, ಟೈಪಿಸ್ಟಮ್ಮ ಮ್ಯಾನೇಜರನ್ನು ನೋಡಿದಳು, ಮ್ಯಾನೇಜರು ಗೋಡೆ ನೋಡಿದರು.

"ಮೇಸ್ತ್ರೀ," ಎಂದರು ಮ್ಯಾನೇಜರು ನಿಧಾನವಾಗಿ, "ಗ್ಯಾಸು ಬಂದಿಲ್ಲ ಅಂದ್ರೆ ನಮಗೆಲ್ಲ ಕಣ್ಣುರಿ ಆಗಿದ್ದೇನು?"

"ನನ್ನ ಗಂಟಲು ಕೆರೆದಿದ್ದು ಸುಳ್ಳಾ?" ಎಂದಳು ಟೈಪಿಸ್ಟಮ್ಮ.

ಮಾಲೀಕರು ಎದ್ದು ಕಿಟಕಿಯ ಹತ್ತಿರ ಹೋದರು. ಆರಿದ ಒಲೆ ಕಾಣುತ್ತಿತ್ತು. ಬೆಂಕಿಕಡ್ಡಿಯ ವಾಸನೆ ಎಂದು ನೂರು ಜನರ ಎದುರು ಹೇಳಿದ್ದು, ಒಲೆ ಆರಿಸಿ ಎಂದು ಕೂಗಿದ್ದು ಅವರೇ. ತಿರುಗಿ ಬಂದು ಮೇಸ್ತ್ರಿಯ ಹೆಗಲ ಮೇಲೆ ಕೈ ಇಟ್ಟರು.

"ನೋಡಿ, ಎಂಥ ಮನುಷ್ಯ! ಈ ಮೀಟರಿನವನ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ತನ್ನ ಮೂಗಿನ ಮೇಲೇ ತಪ್ಪು ಹೊತ್ಕೋತಿದಾನೆ."

"ಸರ್, ಹಾಗಲ್ಲ ಸರ್, ಆಣೆ ಮಾಡಿ ಹೇಳ್ತೀನಿ..."

"ಸಾಕು. ನನ್ನ ಮೂಗಿಗೇ ಗೊತ್ತಾಗಿದ್ದು ನಿನ್ನ ಮೂಗಿಗೆ ಗೊತ್ತಾಗ್ಲಿಲ್ಲ ಅಂದ್ರೆ ನಂಬೋಕೆ ನಾನೇನು ದಡ್ಡನಾ?" ಮಾಲೀಕರು ಮೀಟರಿನವನ ಕಡೆ ತಿರುಗಿದರು. "ಇಷ್ಟು ಗ್ಯಾಸಿಗೆ ಒಂದು ಅಂತ ತೋರಿಸೋ ಮೀಟರು ನಮಗೆ ಬೇಡಪ್ಪ. ವಾಪಸ್ ತಗೊಂಡು ಹೋಗು. ಮೇಸ್ತ್ರಿ ರಿಟೈರ್ ಆಗೋಕೆ ಎರಡು ವರ್ಷ ಇದೆ ಅಲ್ವಾ? ಅದರ ಮೇಲೆ ಇನ್ನೈದು ವರ್ಷ ಸೇರ್ಸಿ. ಟೈಪ್ ಮಾಡಮ್ಮ."

ಟೈಪಿಸ್ಟಮ್ಮ ಎಲ್ಲಿಲ್ಲದ ಉತ್ಸಾಹದಿಂದ ಟೈಪ್ ಮಾಡಿದಳು. ಮೀಟರಿನವನು ಮೀಟರನ್ನು ಎತ್ತಿಕೊಂಡು, ಕೆಂಪು ಕಣ್ಣಲ್ಲೇ ಎಲ್ಲರಿಗೂ ನಮಸ್ಕಾರ ಹೇಳಿ ಹೊರಟುಹೋದ.

"ಇನ್ನೊಂದು," ಎಂದರು ಮಾಲೀಕರು. "ಆ ಕಾವಲುಗಾರ. ಇಂಥ ಎದೆ ಇಟ್ಕೊಂಡು ಚಿಮಣಿ ಕೆಳಗೆ ಇರೋದಾ? ಪಾಪ. ನಾಳೆಯಿಂದ ಅವನನ್ನ ಬೆಟ್ಟದ ಮೇಲಿನ ಗೋಡೌನಿಗೆ ಹಾಕಿ, ಗಾಳಿ ಚೆನ್ನಾಗಿದೆ."

ಮೇಸ್ತ್ರಿಯ ಕೈಯಿಂದ ಟೋಪಿ ಬಿತ್ತು. "ಸರ್! ಅವನನ್ನ ಮಾತ್ರ ಕಳಿಸ್ಬೇಡಿ ಸರ್! ನಿಮ್ಮ ಕಾಲಿಗೆ ಬೀಳ್ತೀನಿ!"

"ಅಯ್ಯೋ, ಸ್ನೇಹ ಅಂದ್ರೆ ಇದಪ್ಪಾ!" ಮಾಲೀಕರ ಕಣ್ಣು ಈಗ ನಿಜವಾಗಿಯೂ ಒದ್ದೆಯಾಯಿತು. "ಯೋಚನೆ ಮಾಡ್ಬೇಡ ಮೇಸ್ತ್ರೀ. ಅವನ ಜಾಗಕ್ಕೆ ಗಟ್ಟಿ ಆಳು ಬರ್ತಾನೆ. ಇಪ್ಪತ್ತು ವರ್ಷ ಗಂಧಕದ ಗಣಿಯಲ್ಲಿ ದುಡಿದವನು. ಎಂಥ ಹೊಗೆ ಬಂದ್ರೂ ಒಂದು ಸಲ ಕೆಮ್ಮಲ್ಲ!"

ಸಂಜೆ ಮನೆಗೆ ಬಂದ ಮೇಸ್ತ್ರಿ ಹಜಾರದ ಕುರ್ಚಿಯಲ್ಲಿ ಕುಸಿದ. ಹೆಂಡತಿ ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಎದುರಿಗೆ ಕೂತಳು. ಅವನು ಎಲ್ಲವನ್ನೂ ಹೇಳಿದ, ಕರಿಯಾದ ಹಾಲಿನ ಪಾತ್ರೆಯಿಂದ ಹಿಡಿದು ಬೆಟ್ಟದ ಮೇಲಿನ ಗೋಡೌನಿನ ತನಕ. ಅವಳು ನಡುವೆ ಬಾಯಿ ಹಾಕಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹಾಗಾದದ್ದು ಅದೇ ಮೊದಲು.

"ಒಲೆ ಮೂರು ದಿನ ಹತ್ತಲ್ಲ," ಎಂದ ಮೇಸ್ತ್ರಿ. "ಅಷ್ಟರೊಳಗೆ ಒಂದು ದಾರಿ ಆಗ್ಬೇಕು. ನೋಡೇ, ನಾನು ಯೋಚನೆ ಮಾಡಿದೀನಿ. ದಿನಾ ಊಟದ ಡಬ್ಬಿ ತರೋ ನೆಪದಲ್ಲಿ ನೀನೇ ಗೇಟಿಗೆ ಬಾ. ವಾಸನೆ ಬಂದ್ರೆ ಸೆರಗು ಮೂಗಿಗೆ ಹಿಡ್ಕೋ, ನಾನು ಮೇಲಿಂದ ನೋಡ್ತೀನಿ. ನಿನ್ನ ಮೂಗೊಂದೇ ಈಗ ನಮಗೆ ಗತಿ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ರೀ, ಆವತ್ತು ಹಾಲು ಸೀದಾಗ ನಾನು ಒಲೆ ಪಕ್ಕದಲ್ಲೇ ಇದ್ದೆ ಅಲ್ವಾ?"

"ಇದ್ದೆ. ಅದಕ್ಕೇನೀಗ?"

"ನಮ್ಮಿಬ್ಬರಿಗೂ ಬಂದಿದ್ದು ಒಂದೇ ಜ್ವರ ಅಲ್ವೇನ್ರೀ," ಎಂದಳು ಅವಳು. "ನಿಮಗೆ ಹೇಳಿದ್ರೆ ನೊಂದ್ಕೋತೀರ ಅಂತ ನಾನೂ ಸುಮ್ನಿದ್ದೆ. ಮೂಗು ಮೇಸ್ತ್ರಿ ಹೆಂಡ್ತಿಗೇ ಮೂಗಿಲ್ಲ ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಎಷ್ಟು ಹೊತ್ತು ಕೂತರೋ, ಬಾಗಿಲು ಧಡಾರನೆ ತೆರೆದು ಚಿಕ್ಕಮ್ಮ ಒಳಗೆ ನುಗ್ಗಿದಳು.

"ಏನ್ರೋ ಮಾಡ್ತಿದೀರ ಇಬ್ರೂ? ಅನ್ನ ಸೀದು ಇದ್ದಿಲಾಗಿದೆ, ವಾಸನೆ ನಮ್ಮನೆ ಹಿತ್ಲಿಗೆ ಬರ್ತಿದೆ!" ಅಡುಗೆಮನೆಗೆ ಓಡಿ ಒಲೆ ಆರಿಸಿ, ಕರಿ ಪಾತ್ರೆ ಎತ್ತಿಕೊಂಡು ಬಂದಳು. ಹೊಗೆ ಹಜಾರಕ್ಕೂ ಬಂತು. "ಅಲ್ಲ ಮೇಸ್ತ್ರೀ, ನಿಮ್ಮ ಮೂಗು ನಂಬ್ಕೊಂಡು ಇಡೀ ಸಾಲು ಕಿಟಕಿ ತೆಗೆದು ಮಲಗುತ್ತೆ. ನಿಮ್ಮನೇಲೇ ಹೀಗಾದ್ರೆ ಹೇಗೆ?"

ಮೇಸ್ತ್ರಿ ಕುರ್ಚಿಯಿಂದ ಎದ್ದ. ಹೋಗಿ, ಕಾರ್ಖಾನೆಯ ಕಡೆಗಿದ್ದ ಕಿಟಕಿಯ ಬಾಗಿಲನ್ನು ಎಳೆದುಕೊಂಡ.

"ಅಯ್ಯೋ, ಮುಚ್ತಾ ಇದೀರಲ್ಲ! ಹೊಗೆ ಎಲ್ಲಿಗೆ ಹೋಗ್ಬೇಕು? ತೆಗೀರಿ!" ಎಂದಳು ಚಿಕ್ಕಮ್ಮ.

ಅವನು ಚಿಲಕದ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದ. ಹೆಂಡತಿ ಬಂದು ಅವನ ಪಕ್ಕದಲ್ಲಿ ನಿಂತಳು. ಕಿಟಕಿಯ ಸಂದಿಯಲ್ಲಿ ಆಚೆಯ ಎರಡು ಟವರು ಕಾಣುತ್ತಿದ್ದವು.